ಲಿವರ್ ತುಣುಕಿನಲ್ಲಿ ಕಬ್ಬಿಣ ಅಳೆಯುವುದು ಹೇಗೆ: ಕೆಂಧೂಳಿನ ಜಿಲ್ಲೆಗಳ ಲ್ಯಾಬ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಒಣಗಿಸಿದ ಲಿವರ್ ತುಣುಕಿನ ತೂಕ 1 ಮಿಲಿಗ್ರಾಂ ಎಂದುಕೊಳ್ಳಿ. ಅದರ ಮೇಲೆ ಸಂಡೂರಿನ ಅದಿರು ಧೂಳು ಬರೀ 1 ಮೈಕ್ರೊಗ್ರಾಂ ಕೂತು, ಅದೆಲ್ಲ ಆಮ್ಲದಲ್ಲಿ ಕರಗಿದರೆ ಸುಮಾರು 0.6 ಮೈಕ್ರೊಗ್ರಾಂ ಕಬ್ಬಿಣ ಹೊರಗಿನಿಂದ ಸೇರಿದಂತೆ. ವರದಿಯಲ್ಲಿ ಅದು ಗ್ರಾಂಗೆ 0.6 ಮಿಲಿಗ್ರಾಂ ಏರಿಕೆಯಾಗಿ ಕಾಣುತ್ತದೆ. ಆರೋಗ್ಯವಂತರ ಲಿವರ್‌ನಲ್ಲಿ ಇರುವುದೇ ಒಣತೂಕದ ಪ್ರತಿ ಗ್ರಾಂಗೆ ಹೆಚ್ಚೆಂದರೆ 1.8 ಮಿಲಿಗ್ರಾಂ. ಬಳ್ಳಾರಿ, ತೋರಣಗಲ್ಲು, ಕೊಪ್ಪಳದ ಗಿಣಿಗೇರಾ ಸುತ್ತ ಕಿಟಕಿ ಸರಳು ಒರೆಸಿದ ಬಟ್ಟೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ರಾಯಚೂರಿನ ಶಕ್ತಿನಗರದ ಕಡೆ ಹಾರುಬೂದಿ. ಅದರಲ್ಲೂ ಕಬ್ಬಿಣದ ಆಕ್ಸೈಡ್ ಇರುತ್ತದೆ. ಈ ಪರೀಕ್ಷೆಯ ರಸಾಯನಶಾಸ್ತ್ರ ಕಷ್ಟದ್ದಲ್ಲ. ಹೊರಗಿನ ಕಬ್ಬಿಣವನ್ನು ದೂರ ಇಡುವುದು ಮತ್ತು ಚಿಕ್ಕ ತೂಕವನ್ನು ಸರಿಯಾಗಿ ಹಿಡಿಯುವುದು, ಈ ಎರಡೇ ಕಷ್ಟ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಅವಕ್ಕೇ.

ಯಾರಿಗೆ, ಯಾವಾಗ

ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ಕಾಯಿಲೆ) ಇರುವ ಮಕ್ಕಳಿಗೆ ತಿಂಗಳಿಗೆ ಒಂದೆರಡು ಬಾರಿ ರಕ್ತ ಹಾಕಬೇಕಾಗುತ್ತದೆ. ಪ್ರತಿ ಯೂನಿಟ್ ರಕ್ತದ ಜತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ದೇಹಕ್ಕೆ ಹೋಗುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ 1 ಮಿಲಿಗ್ರಾಂ ಆಸುಪಾಸು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ. ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ ಅನ್ನು ರಕ್ತದಲ್ಲಿ ಅಳೆಯುವ ಸೀರಂ ಫೆರಿಟಿನ್ ಸುಲಭದ ಪರೀಕ್ಷೆ ನಿಜ, ಆದರೆ ಜ್ವರ, ಸೋಂಕು, ಹೆಪಟೈಟಿಸ್ ಇದ್ದರೂ ಅದು ಏರುತ್ತದೆ. ಒಂದೇ ಫೆರಿಟಿನ್ ಸಂಖ್ಯೆ ನೋಡಿ ಕಬ್ಬಿಣ ಇಳಿಸುವ ಔಷಧದ ಡೋಸ್ ನಿರ್ಧರಿಸುವುದು ಸರಿಯಲ್ಲ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಬರೀ ಕಬ್ಬಿಣ ಅಳೆಯುವುದಕ್ಕಾಗಿ ಸೂಜಿ ಚುಚ್ಚುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಎಂಆರ್‌ಐನಲ್ಲಿ ಆರ್2 ಅಥವಾ ಟಿ2-ಸ್ಟಾರ್ ವಿಧಾನದಿಂದ ಚುಚ್ಚದೆಯೇ ಅಳೆಯಬಹುದು. ಆದರೆ ಫೈಬ್ರೋಸಿಸ್ (ಲಿವರ್ ನಾರುಗಟ್ಟುವುದು) ಎಷ್ಟಿದೆ ನೋಡಲು, ಹೆಪಟೈಟಿಸ್ ಸಿ ಜತೆಗಿರುವಾಗ ಅಥವಾ ಕಾಯಿಲೆಯ ಮೂಲವೇ ಸ್ಪಷ್ಟವಾಗದಿದ್ದಾಗ ಬಯಾಪ್ಸಿ ಮಾಡಿಯೇ ಮಾಡುತ್ತಾರೆ. ಹೇಗೂ ತುಣುಕು ಕೈಗೆ ಬಂದಿದೆ ಎಂದಾಗ ಕಬ್ಬಿಣದ ಅಳತೆಯನ್ನೂ ಮಾಡದೆ ಬಿಡುವುದು ನಷ್ಟ.

ಬಯಾಪ್ಸಿ ಕೋಣೆಯಲ್ಲಿ

ತುಣುಕು ತೆಗೆಯುವುದು ವೈದ್ಯರ ಕೆಲಸ. ಲ್ಯಾಬ್‌ನವರು ಮೊದಲೇ ಹೋಗಿ ಟ್ಯೂಬ್ ಕೊಟ್ಟು, ಎರಡು ಮಾತು ಆಡಿ ಬರಬೇಕು. 16 ಗೇಜ್ ಸೂಜಿಯ ತುಣುಕಿನಲ್ಲಿ 1.5ರಿಂದ 2 ಸೆಂ.ಮೀ. ಪೆಥಾಲಜಿಗೆ ಬೇಕು, ಅದನ್ನು ಕಸಿಯಬೇಡಿ. ಕಬ್ಬಿಣಕ್ಕೆ ಇನ್ನೊಂದು 8–10 ಮಿ.ಮೀ. ಸಿಕ್ಕರೆ ಒಣಗಿದ ಮೇಲೆ ಸುಮಾರು 1ರಿಂದ 2 ಮಿಲಿಗ್ರಾಂ ಉಳಿಯುತ್ತದೆ. 0.4 ಮಿಲಿಗ್ರಾಂಗಿಂತ ಕಡಿಮೆ ಒಣತೂಕ ಸಿಕ್ಕರೆ ಸಂಖ್ಯೆ ಬರುತ್ತದೆ, ನಂಬಿಕೆ ಬರುವುದಿಲ್ಲ.

ಎರಡು ಮಾತು ಯಾವುವೆಂದರೆ: ತುಣುಕನ್ನು ಸಲೈನ್‌ನಲ್ಲಿ ತೇಲಿಸಿ ಇಡಬೇಡಿ, ಸ್ಟೀಲ್ ಬ್ಲೇಡಿನಿಂದ ಕತ್ತರಿಸಬೇಡಿ. ಸಲೈನ್‌ನಲ್ಲಿ ಬಿಟ್ಟರೆ ಕರಗುವ ಫೆರಿಟಿನ್ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಬ್ಲೇಡಿನ ಬದಲು ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಚಾಕು ಕೊಡಿ. ಬಯಾಪ್ಸಿ ಸೂಜಿ ಸ್ಟೀಲಿನದೇ, ಅದಕ್ಕೆ ದಾರಿಯಿಲ್ಲ; ಕೆಲವು ಸೆಕೆಂಡಿನ ಸಂಪರ್ಕದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಅನುಮಾನವಿದ್ದರೆ ಹೊಸ ಸೂಜಿಯೊಳಗೆ ಶುದ್ಧ ನೀರು ಹಾಯಿಸಿ ಆ ನೀರಿನಲ್ಲಿ ಕಬ್ಬಿಣ ನೋಡಿ. ಆಮ್ಲ ಹಾಯಿಸಬಾರದು, ಆಮ್ಲ ಸೂಜಿಯನ್ನೇ ಕರಗಿಸಿ ಇಲ್ಲದ ಭಯ ಹುಟ್ಟಿಸುತ್ತದೆ.

ತುಣುಕಿಗೆ ಅಂಟಿದ ರಕ್ತವೂ ಲೆಕ್ಕ ಕೆಡಿಸುತ್ತದೆ. 1 ಮಿ.ಲೀ. ರಕ್ತದಲ್ಲಿ ಸುಮಾರು 0.5 ಮಿಲಿಗ್ರಾಂ ಕಬ್ಬಿಣ, ಅಂದರೆ 2 ಮೈಕ್ರೊಲೀಟರ್ ರಕ್ತದಲ್ಲಿ 1 ಮೈಕ್ರೊಗ್ರಾಂ. ಬೂದಿರಹಿತ ಫಿಲ್ಟರ್ ಪೇಪರ್ ಮೇಲೆ ತುಣುಕನ್ನು ಒಮ್ಮೆ ಉರುಳಿಸಿ ತಕ್ಷಣ ಟ್ಯೂಬಿಗೆ ಹಾಕಿ. ಗಾಜ್ ಬಟ್ಟೆ, ಟಿಶ್ಯೂ ಪೇಪರ್ ಬೇಡ. ಅವುಗಳಲ್ಲೂ ಕಬ್ಬಿಣವಿರುತ್ತದೆ, ಜತೆಗೆ ಎಳೆ ಅಂಟಿಕೊಂಡು ತೂಕವೂ ಹೆಚ್ಚುತ್ತದೆ.

ಟ್ಯೂಬಿನ ಮುಚ್ಚಳ ಬಿಗಿಯಾಗಿ ತಿರುಗಿಸಿ, ಐಸ್ ಮೇಲಿಟ್ಟು ತಂದು ಮೈನಸ್ 20 ಡಿಗ್ರಿಯಲ್ಲಿಡಿ. ಏಪ್ರಿಲ್–ಮೇನಲ್ಲಿ ರಾಯಚೂರಿನಿಂದ ಬಳ್ಳಾರಿಗೆ ಮಾದರಿ ಸಾಗಿಸುವುದಿದ್ದರೆ ಅಲ್ಲೇ ಒಣಗಿಸಿ ಕಳಿಸುವುದು ಜಾಣತನ. ಒಣ ತುಣುಕು ಕೊಳೆಯುವುದಿಲ್ಲ, ಕಬ್ಬಿಣ ಎಲ್ಲೂ ಹೋಗುವುದಿಲ್ಲ.

ಪಾತ್ರೆ, ನೀರು, ಧೂಳು

ಗಾಜು ಬೇಡ, ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ. ಎಲ್ಲ ಟ್ಯೂಬ್, ಮುಚ್ಚಳ, ಬಾಟಲಿಗಳನ್ನು 10% ನೈಟ್ರಿಕ್ ಆಮ್ಲದಲ್ಲಿ 24 ಗಂಟೆ ಮುಳುಗಿಸಿ, ಡಿಅಯೊನೈಸ್ಡ್ ನೀರಿನಲ್ಲಿ ಮೂರು ಸಲ ತೊಳೆದು, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಬೋರಲು ಹಾಕಿ ಒಣಗಿಸಿ. ಬೆಂಚಿನ ಮೇಲೆ ಬಿಚ್ಚಿಟ್ಟು ಒಣಗಿಸಿದರೆ ತೊಳೆದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಣ್ಣದ ಟಿಪ್, ಬಣ್ಣದ ಮುಚ್ಚಳ ಬೇಡ. ಬಣ್ಣಕ್ಕೆ ಬಳಸುವ ಪುಡಿಗಳಲ್ಲಿ ಲೋಹಗಳಿರಬಹುದು. ಗ್ಲೌಸ್ ಪೌಡರ್ ಇಲ್ಲದ ನೈಟ್ರೈಲ್ ಆಗಿರಲಿ. ರಕ್ತ ಪಡೆಯುತ್ತಿರುವ ರೋಗಿಗಳ ಮಾದರಿಯಾದ್ದರಿಂದ ಹೆಪಟೈಟಿಸ್ ಬಿ, ಸಿ ಇರಬಹುದೆಂದೇ ಭಾವಿಸಿ ಗ್ಲೌಸ್ ತೆಗೆಯದೆ ಕೆಲಸ ಮಾಡಿ.

ನೀರು 18 ಮೆಗಾಓಮ್ ಗುಣಮಟ್ಟದ್ದಿರಬೇಕು. ಲೋಹದ ಸ್ಟಿಲ್‌ನಲ್ಲಿ ಬಟ್ಟಿ ಇಳಿಸಿದ ನೀರನ್ನು ನಂಬಬೇಡಿ. ಕೊಳವೆಬಾವಿಯ ಗಡಸು ನೀರು ಬಳಸುವ ಊರಿನಲ್ಲಿ ಡಿಅಯೊನೈಸರ್ ಕಾರ್ಟ್ರಿಜ್ ಬೇಗ ಸೋಲುತ್ತದೆ. ಮೀಟರ್ ನೋಡಿಯೇ ನೀರು ಹಿಡಿಯಿರಿ.

ಧೂಳಿಗೆ ಇಷ್ಟು ಮಾಡಿ. ಕೆಲಸದ ಹೊತ್ತಿನಲ್ಲಿ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಏಸಿಯ ಫಿಲ್ಟರ್ ಹಿಂದಿನ ದಿನವೇ ತೊಳೆದಿರಲಿ. ಬೆಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೊರಕೆ ಹಿಡಿಯಬೇಡಿ. ಬೀದಿಯ ಚಪ್ಪಲಿ ಬಾಗಿಲ ಹೊರಗೆ. ಲ್ಯಾಮಿನಾರ್ ಹುಡ್ ಇದ್ದರೆ ಅದರೊಳಗೆ, ಇಲ್ಲದಿದ್ದರೆ ಅಕ್ರಿಲಿಕ್ ಹಲಗೆಯ ಮೂರು ಗೋಡೆಯ ಗೂಡು ಮಾಡಿಕೊಂಡರೂ ಬಹಳ ವ್ಯತ್ಯಾಸವಾಗುತ್ತದೆ. ಒಂದು ತೆರೆದ ಟ್ಯೂಬಿನಲ್ಲಿ 0.5 ಮಿ.ಲೀ. ಆಮ್ಲ ಹಾಕಿ, ಕೆಲಸ ಮುಗಿಯುವವರೆಗೆ ಮಾದರಿಗಳ ಪಕ್ಕದಲ್ಲೇ ಬಿಡಿ. ಆಮೇಲೆ ಅದನ್ನೂ ಮಾದರಿಯಂತೆಯೇ ಓದಿ. ಕೋಣೆಯ ಗಾಳಿ ಎಷ್ಟು ಕಬ್ಬಿಣ ಸೇರಿಸಿತು ಎಂದು ಈ ಟ್ಯೂಬ್ ಹೇಳುತ್ತದೆ.

ಹೆಮಟೈಟ್, ಅಂದರೆ ಕಬ್ಬಿಣದ ಅದಿರಿನ ಧೂಳಿನ ಕಿತಾಪತಿ ಇನ್ನೊಂದಿದೆ. ಅದು ಆಮ್ಲದಲ್ಲಿ ಒಮ್ಮೆಲೇ ಕರಗುವುದಿಲ್ಲ. ಕಣ ಸಣ್ಣದಿದ್ದರೆ ಬೇಗ, ದೊಡ್ಡದಿದ್ದರೆ ನಿಧಾನ. ನೈಟ್ರಿಕ್ ಆಮ್ಲದಲ್ಲಿ ಇನ್ನೂ ನಿಧಾನ. ಆದ್ದರಿಂದ ತಪ್ಪು ಪ್ರತಿಸಲ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ, ಬ್ಲ್ಯಾಂಕ್ (ತುಣುಕು ಹಾಕದೆ ಬರೀ ದ್ರಾವಣಗಳಿಂದ ಮಾಡಿದ ಟ್ಯೂಬಿನ ಓದು) ಕಳೆದು ಸರಿಪಡಿಸಲೂ ಆಗುವುದಿಲ್ಲ. ಮೂರು ಬ್ಲ್ಯಾಂಕ್‌ಗಳಲ್ಲಿ ಒಂದು ಮಾತ್ರ ಎತ್ತರಕ್ಕೆ ಹಾರಿದರೆ ಅದನ್ನು ಬಿಟ್ಟು ಸರಾಸರಿ ತೆಗೆಯುವುದು ಮನುಷ್ಯ ಸಹಜ. ಹಾಗೆ ಮಾಡಬೇಡಿ. ಅದೇ ಕಣ ಮಾದರಿಯ ಟ್ಯೂಬಿಗೂ ಬಿದ್ದಿರಬಹುದು. ಆ ದಿನದ ಕಡಿಮೆ ಸಂಖ್ಯೆಗಳೆಲ್ಲ ಅನುಮಾನಾಸ್ಪದ.

ಒಣಗಿಸಿ ತೂಗುವುದು

ನಮ್ಮ ಅಭಿಪ್ರಾಯದಲ್ಲಿ ಇಡೀ ಪರೀಕ್ಷೆ ನಿಲ್ಲುವುದು ಬೀಳುವುದು ಇಲ್ಲೇ. 0.1 ಮಿಲಿಗ್ರಾಂವರೆಗೆ ಓದುವ ಸಾಮಾನ್ಯ ತಕ್ಕಡಿಯಲ್ಲಿ 2 ಮಿಲಿಗ್ರಾಂ ತುಣುಕು ತೂಗಿದರೆ ತಪ್ಪು 5ರಿಂದ 10%, ಬಳಸಲೇಬೇಡಿ. 0.01 ಮಿಲಿಗ್ರಾಂ ಓದುವ ಐದಂಕಿ ತಕ್ಕಡಿ ಕನಿಷ್ಠ ಅಗತ್ಯ. 1 ಮೈಕ್ರೊಗ್ರಾಂ ಓದುವ ಮೈಕ್ರೊಬ್ಯಾಲೆನ್ಸ್ ಸಿಕ್ಕರೆ ಅದೃಷ್ಟ.

1. ಖಾಲಿ ಟ್ಯೂಬುಗಳನ್ನು ಮುಚ್ಚಳ ತೆಗೆದು 105 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟು, ಡೆಸಿಕೇಟರ್‌ನಲ್ಲಿ (ತೇವ ಹೀರುವ ಹರಳಿಟ್ಟ ಮುಚ್ಚಿದ ಪಾತ್ರೆ) ತಣಿಸಿ, ಆಮೇಲೆ ತೂಗಿ. ಈ ಹಂತ ಬಿಟ್ಟರೆ ಟ್ಯೂಬು ಕಳೆದುಕೊಂಡ ತೇವವೂ ತುಣುಕಿನ ಲೆಕ್ಕಕ್ಕೆ ಬಂದು ತೂಕ ಕಡಿಮೆ ಕಾಣುತ್ತದೆ, ಕಬ್ಬಿಣ ಹೆಚ್ಚು ಕಾಣುತ್ತದೆ.
2. ತುಣುಕು ಹಾಕಿ, ಬಾಯಿಗೆ ಸೂಜಿರಂಧ್ರ ಮಾಡಿದ ಪ್ಯಾರಾಫಿಲ್ಮ್ ಹೊದಿಸಿ 65 ಡಿಗ್ರಿಯಲ್ಲಿ 4 ಗಂಟೆ. ನಂತರ ಫಿಲ್ಮ್ ತೆಗೆದು, ಮೇಲೆ ಆಮ್ಲದಲ್ಲಿ ತೊಳೆದ ಬೀಕರ್ ಬೋರಲಿಟ್ಟು 105 ಡಿಗ್ರಿಯಲ್ಲಿ ರಾತ್ರಿಯಿಡೀ. ತುಕ್ಕು ಹಿಡಿದ ತಟ್ಟೆಯ ಓವನ್ ಬೇಡ.
3. ಡೆಸಿಕೇಟರ್‌ನಲ್ಲಿ 30 ನಿಮಿಷ ತಣಿಸಿ ತೂಗಿ. ಮತ್ತೆ 2 ಗಂಟೆ ಒಣಗಿಸಿ ತೂಗಿ. ಎರಡು ತೂಕಗಳ ನಡುವೆ 0.02 ಮಿಲಿಗ್ರಾಂಗಿಂತ ಕಡಿಮೆ ವ್ಯತ್ಯಾಸ ಬರುವವರೆಗೆ ಮುಂದುವರಿಸಿ.

ರಾತ್ರಿ ಕರೆಂಟ್ ಹೋದರೆ ಗಾಬರಿ ಬೇಡ, ಕೊನೆಗೆ ಸ್ಥಿರ ತೂಕವೇ ತೀರ್ಪು. ಮಳೆಗಾಲದಲ್ಲಿ ಒಣ ತುಣುಕು ಕಣ್ಣೆದುರೇ ತೇವ ಹೀರುತ್ತದೆ, ತಕ್ಕಡಿಯ ಅಂಕಿ ಮೇಲೇರುತ್ತಾ ಹೋಗುತ್ತದೆ. ಹೊರತೆಗೆದ ಒಂದು ನಿಮಿಷದೊಳಗೆ ಓದಿ ಮುಗಿಸಬೇಕು. ಬೇಸಿಗೆಯಲ್ಲಿ ಸಮಸ್ಯೆ ತಿರುಗಾಮುರುಗಾ: ಒಣಗಾಳಿಗೆ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಸ್ಥಿರ ವಿದ್ಯುತ್ ತುಂಬಿ ಅಂಕಿ ನಿಲ್ಲುವುದೇ ಇಲ್ಲ, ಟ್ಯೂಬನ್ನು ಬೆರಳಿನಿಂದ ಸರಿಸಿದರೆ 0.3 ಮಿಲಿಗ್ರಾಂ ಆಚೀಚೆಯಾಗುತ್ತದೆ. ಅಯೊನೈಸರ್ ಇಲ್ಲದಿದ್ದರೆ ಟ್ಯೂಬನ್ನು ಭೂಮಿಗೆ ಜೋಡಿಸಿದ ಲೋಹದ ತುಂಡಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಬಟ್ಟೆಯಿಂದ ಉಜ್ಜದೆ ತೂಗಿ.

ಕಬ್ಬಿಣ ಹೊರತೆಗೆಯುವುದು ಮತ್ತು ಬಣ್ಣ ಬರಿಸುವುದು

ಜಿಲ್ಲಾ ಮಟ್ಟದ ಲ್ಯಾಬಿಗೆ ನಾವು ಹೇಳುವುದು ಟೊರೆನ್ಸ್ ಮತ್ತು ಬಾತ್‌ವೆಲ್ 1968ರಲ್ಲಿ ಕೊಟ್ಟ ಹೀಮ್‌ರಹಿತ ಕಬ್ಬಿಣದ ವಿಧಾನ. ಒಂದು ಸ್ಪೆಕ್ಟ್ರೊಫೋಟೊಮೀಟರ್ ಇದ್ದರೆ ಸಾಕು. ಬಿಸಿ ಆಮ್ಲವು ಲಿವರ್‌ನಲ್ಲಿ ಕಬ್ಬಿಣ ಶೇಖರವಾಗುವ ರೂಪಗಳಾದ ಫೆರಿಟಿನ್, ಹೀಮೊಸಿಡೆರಿನ್‌ಗಳಲ್ಲಿನ ಕಬ್ಬಿಣವನ್ನು ಬಿಡಿಸುತ್ತದೆ; ಹಿಮೋಗ್ಲೋಬಿನ್ನಿನ ಹೀಮ್ (ರಕ್ತಕ್ಕೆ ಕೆಂಪು ಕೊಡುವ, ಕಬ್ಬಿಣವಿರುವ ಭಾಗ) ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಹಾಗಾಗಿ ತುಣುಕಿನಲ್ಲಿ ಸ್ವಲ್ಪ ರಕ್ತ ಉಳಿದಿದ್ದರೂ ಹಾನಿ ಕಡಿಮೆ.

ಬೇಕಾಗುವ ದ್ರಾವಣಗಳು:

- ಆಮ್ಲ ಮಿಶ್ರಣ: ಟ್ರೈಕ್ಲೋರೊಅಸಿಟಿಕ್ ಆಮ್ಲ 10 ಗ್ರಾಂ ಅನ್ನು ನೀರಿನಲ್ಲಿ ಕರಗಿಸಿ, 37% ಹೈಡ್ರೊಕ್ಲೋರಿಕ್ ಆಮ್ಲ 25 ಮಿ.ಲೀ. ಸೇರಿಸಿ, ನೀರಿನಿಂದ 100 ಮಿ.ಲೀ.ಗೆ ತನ್ನಿ. ಹೈಡ್ರೊಕ್ಲೋರಿಕ್ ಆಮ್ಲ 3 ಮೋಲಾರ್ ಆಗುತ್ತದೆ. ಲೋಹಾಂಶ ಪರೀಕ್ಷೆಗೆಂದೇ ಮಾರುವ ಶುದ್ಧ ಆಮ್ಲ ಕೊಳ್ಳಿ. ಹಳದಿ ಛಾಯೆಯ ಆಮ್ಲದಲ್ಲಿ ಕಬ್ಬಿಣವೇ ಇರಬಹುದು.
- ಬಣ್ಣದ ಮೂಲ ದ್ರಾವಣ: ಬ್ಯಾಥೊಫೆನಾಂಥ್ರೊಲಿನ್ ಸಲ್ಫೊನೇಟ್ 100 ಮಿಲಿಗ್ರಾಂ, ಥಯೊಗ್ಲೈಕಾಲಿಕ್ ಆಮ್ಲ 1 ಮಿ.ಲೀ., ನೀರಿನಿಂದ 100 ಮಿ.ಲೀ. ಕಂದು ಬಾಟಲಿಯಲ್ಲಿಡಿ. ವಾಸನೆ ಕೆಟ್ಟದ್ದು, ವಿಷವೂ ಹೌದು. ಫ್ಯೂಮ್ ಹುಡ್ ಒಳಗೇ ತಯಾರಿಸಿ.
- ಸ್ಯಾಚುರೇಟೆಡ್ ಸೋಡಿಯಂ ಅಸಿಟೇಟ್: ಅಡಿಯಲ್ಲಿ ಹರಳು ಉಳಿಯುವವರೆಗೆ ಕರಗಿಸಿ. ಮೇ ತಿಂಗಳ ಸೆಕೆಯಲ್ಲಿ ಮಾಡಿದ್ದನ್ನು ಏಸಿ ಕೋಣೆಗೆ ತಂದರೆ ಪಿಪೆಟ್ಟಿನಲ್ಲೇ ಹರಳುಗಟ್ಟುತ್ತದೆ. ಬಳಸುವ ಕೋಣೆಯಲ್ಲೇ ತಯಾರಿಸಿ.
- ಕೆಲಸದ ದ್ರಾವಣ, ಅಂದಂದಿಗೆ: ಬಣ್ಣದ ಮೂಲ 1 ಭಾಗ, ಅಸಿಟೇಟ್ 5 ಭಾಗ, ನೀರು 5 ಭಾಗ.

ಈಗ ಕ್ರಮ:

1. ತೂಗಿದ ಒಣ ತುಣುಕಿಗೆ 0.5 ಮಿ.ಲೀ. ಆಮ್ಲ ಮಿಶ್ರಣ ಹಾಕಿ ರಬ್ಬರ್ ರಿಂಗ್ ಇರುವ ತಿರುಪು ಮುಚ್ಚಳ ಬಿಗಿ ಮಾಡಿ. ಟ್ಯೂಬ್ ಸಮೇತ ತೂಕ ಬರೆದಿಡಿ.
2. 65 ಡಿಗ್ರಿಯಲ್ಲಿ 20 ಗಂಟೆ. ನಡುವೆ ಎರಡು ಸಲ ಅಲುಗಿಸಿ, ತುಣುಕು ಗೋಡೆಗೆ ಅಂಟಿ ದ್ರಾವಣದಿಂದ ಮೇಲೆ ಉಳಿಯಬಾರದು. ಕರೆಂಟ್ ಹೋದಷ್ಟು ಹೊತ್ತನ್ನು ಸೇರಿಸಿ ಮುಂದುವರಿಸಿ. ನಾಲ್ಕು ಗಂಟೆ ಹೆಚ್ಚಾದರೆ ನಷ್ಟವಿಲ್ಲ, ಕಡಿಮೆಯಾದರೆ ಕಬ್ಬಿಣ ಅಂಗಾಂಶದಲ್ಲೇ ಉಳಿಯುತ್ತದೆ.
3. ತಣಿದ ಮೇಲೆ ಮತ್ತೆ ತೂಗಿ. ಮುಚ್ಚಳ ಸಡಿಲವಿದ್ದು 0.05 ಮಿ.ಲೀ. ಆವಿಯಾಗಿದ್ದರೆ ಫಲಿತಾಂಶ 10%ಗೂ ಹೆಚ್ಚು ಏರುತ್ತದೆ. ಕಳೆದುಹೋದಷ್ಟು ತೂಕದ ನೀರು ಸೇರಿಸಿ ಕಲಕಿ.
4. 10,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಪ್ರೋಟೀನ್ ತಳಕ್ಕೆ ಕೂರುತ್ತದೆ.
5. ತಿಳಿ ದ್ರಾವಣ 50 ಮೈಕ್ರೊಲೀಟರ್ ತೆಗೆದು 1 ಮಿ.ಲೀ. ಕೆಲಸದ ದ್ರಾವಣಕ್ಕೆ ಹಾಕಿ. 15 ನಿಮಿಷ ಬಿಡಿ, 535 ನ್ಯಾನೊಮೀಟರ್‌ನಲ್ಲಿ ಓದಿ. ಕಬ್ಬಿಣವಿದ್ದರೆ ಕೆಂಪುಗುಲಾಬಿ ಬಣ್ಣ ಬರುತ್ತದೆ.
6. ಪ್ರತಿ ಮಾದರಿಗೂ ಇನ್ನೊಂದು 50 ಮೈಕ್ರೊಲೀಟರನ್ನು ಬಣ್ಣದ ಮೂಲದ ಬದಲು ನೀರು ಹಾಕಿದ ಅಸಿಟೇಟಿನಲ್ಲಿ ಓದಿ ಕಳೆಯಿರಿ. ಕಾಮಾಲೆಯಿರುವ ರೋಗಿಯ ತುಣುಕಿನಲ್ಲಿ ಪಿತ್ತದ ಬಣ್ಣ, ಕೊಬ್ಬಿನ ಲಿವರ್‌ನಲ್ಲಿ ಮಸುಕು, ಎರಡೂ ಹೀಗೆ ಕಳೆದುಹೋಗುತ್ತವೆ.

ಹೋಲಿಕೆಗೆ ಬೇಕಾದ ಸ್ಟ್ಯಾಂಡರ್ಡ್‌ಗಳನ್ನು (ಕಬ್ಬಿಣದ ಪ್ರಮಾಣ ಗೊತ್ತಿರುವ ದ್ರಾವಣಗಳು) ಲೀಟರಿಗೆ 1000 ಮಿಲಿಗ್ರಾಂ ಕಬ್ಬಿಣದ ದ್ರಾವಣದಿಂದ, ಅದೇ ಆಮ್ಲ ಮಿಶ್ರಣದಲ್ಲಿ ಮಿ.ಲೀ.ಗೆ 0, 5, 10, 20, 40, 80 ಮೈಕ್ರೊಗ್ರಾಂ ಆಗುವಂತೆ ಮಾಡಿ. ನೀರಿನಲ್ಲಿ ಮಾಡಿದರೆ ಪಿಎಚ್ ಬೇರೆಯಾಗಿ ಹೋಲಿಕೆ ತಪ್ಪುತ್ತದೆ. ಈ ಬಣ್ಣದ ಮೋಲಾರ್ ಶೋಷಣಾಂಕ 22,140. ಹಾಗಾಗಿ 1 ಸೆಂ.ಮೀ. ಕುವೆಟ್‌ನಲ್ಲಿ 40ರ ಸ್ಟ್ಯಾಂಡರ್ಡ್ ಸುಮಾರು 0.755 ಓದಬೇಕು. 0.6 ಬಂದರೆ ಪಿಪೆಟ್ ಅಥವಾ ಹಳೆಯ ಥಯೊಗ್ಲೈಕಾಲಿಕ್ ಆಮ್ಲ ನೋಡಿ. ಗಾಳಿಗೆ ಕೆಟ್ಟ ಆಮ್ಲ ಫೆರಿಕ್ ಕಬ್ಬಿಣವನ್ನು ಫೆರಸ್‌ಗೆ ಇಳಿಸುವುದಿಲ್ಲ, ಇಳಿಯದ ಕಬ್ಬಿಣ ಬಣ್ಣ ಕೊಡುವುದಿಲ್ಲ. ಬ್ಲ್ಯಾಂಕ್ 0.03 ದಾಟಿದರೆ ಮೊದಲು ಸೋಡಿಯಂ ಅಸಿಟೇಟ್ ಬಾಟಲಿಯನ್ನೇ ಅನುಮಾನಿಸಿ. ಮಾದರಿ 1.5 ದಾಟಿದರೆ ಬಣ್ಣ ಬಂದ ದ್ರಾವಣಕ್ಕೆ ನೀರು ಬೆರೆಸುವುದಲ್ಲ. ಮೂಲ ತಿಳಿಯನ್ನು ಆಮ್ಲ ಮಿಶ್ರಣದಲ್ಲಿ ತೆಳು ಮಾಡಿ ಮತ್ತೆ ಬಣ್ಣ ಬರಿಸಿ.

ಲೆಕ್ಕ

ಒಣತೂಕ 1.84 ಮಿಲಿಗ್ರಾಂ, ಬ್ಲ್ಯಾಂಕ್ ಕಳೆದ ಓದು 0.608 ಎಂದಿರಲಿ. ಸ್ಟ್ಯಾಂಡರ್ಡ್ ಗೆರೆಯ ಪ್ರಕಾರ ಇದು ಮಿ.ಲೀ.ಗೆ 32.2 ಮೈಕ್ರೊಗ್ರಾಂ. ಒಟ್ಟು 0.5 ಮಿ.ಲೀ. ಇದೆ, ಅಂದರೆ 16.1 ಮೈಕ್ರೊಗ್ರಾಂ ಕಬ್ಬಿಣ. 16.1 ಅನ್ನು 1.84ರಿಂದ ಭಾಗಿಸಿದರೆ 8.75, ಒಣತೂಕದ ಗ್ರಾಂಗೆ 8.75 ಮಿಲಿಗ್ರಾಂ. ಮೈಕ್ರೊಮೋಲ್‌ನಲ್ಲಿ ಬೇಕಿದ್ದರೆ 17.9ರಿಂದ ಗುಣಿಸಿ: ಸುಮಾರು 157.

ರಕ್ತ ಪಡೆಯುವವರಲ್ಲಿ ಒಣತೂಕದ ಗ್ರಾಂಗೆ 3ರಿಂದ 7 ಮಿಲಿಗ್ರಾಂವರೆಗೆ ಸಾಮಾನ್ಯವಾಗಿ ಸಹಿಸಬಹುದಾದ ಮಟ್ಟ, 7 ದಾಟಿದರೆ ತೊಂದರೆಗಳ ಸಾಧ್ಯತೆ ಹೆಚ್ಚು, 15ರ ಮೇಲೆ ಹೃದ್ರೋಗದ ಅಪಾಯ ಗಂಭೀರ. ಥಲಸ್ಸೀಮಿಯಾ ರೋಗಿಗಳಲ್ಲಿ ಈ ಸಂಖ್ಯೆಯನ್ನು 10.6ರಿಂದ ಗುಣಿಸಿದರೆ ದೇಹತೂಕದ ಪ್ರತಿ ಕಿಲೋಗೆ ಒಟ್ಟು ಎಷ್ಟು ಮಿಲಿಗ್ರಾಂ ಕಬ್ಬಿಣ ಶೇಖರವಾಗಿದೆ ಎಂದು ತಿಳಿಯುತ್ತದೆ. ಮೇಲಿನ ತುಣುಕು 30 ಕಿಲೋ ತೂಕದ ಮಗುವಿನದಾದರೆ ಶೇಖರ ಸುಮಾರು 2.8 ಗ್ರಾಂ. ಮೈಕ್ರೊಮೋಲ್ ಸಂಖ್ಯೆಯನ್ನು ವಯಸ್ಸಿನಿಂದ ಭಾಗಿಸುವ ಸೂಚ್ಯಂಕವೂ ಉಂಟು, 1.9 ಮೀರಿದರೆ ಆನುವಂಶಿಕ ಹೀಮೊಕ್ರೊಮಟೋಸಿಸ್ (ಊಟದಿಂದಲೇ ಹೆಚ್ಚು ಕಬ್ಬಿಣ ಹೀರಿ ಕೂಡಿಡುವ ಕಾಯಿಲೆ) ಅನುಮಾನ ಎಂದು. ರಕ್ತ ಪಡೆಯುವವರಿಗೆ ಅದು ಅನ್ವಯಿಸುವುದಿಲ್ಲ, ಲೆಕ್ಕ ಹಾಕಿ ವರದಿಯಲ್ಲಿ ಗೊಂದಲ ತುಂಬಬೇಡಿ.

ಎಎಎಸ್ (ಅಟಾಮಿಕ್ ಅಬ್ಸಾರ್ಪ್ಶನ್ ಸ್ಪೆಕ್ಟ್ರೊಮೀಟರ್) ಯಂತ್ರ ಸಿಕ್ಕರೆ

ತುಣುಕನ್ನು 0.5 ಮಿ.ಲೀ. ಅತಿಶುದ್ಧ ನೈಟ್ರಿಕ್ ಆಮ್ಲದಲ್ಲಿ 90 ಡಿಗ್ರಿಗೆ ತಿಳಿಯಾಗುವವರೆಗೆ ಕರಗಿಸಿ, ತಣಿದ ಮೇಲೆ 30% ಹೈಡ್ರೊಜನ್ ಪೆರಾಕ್ಸೈಡ್ 0.1 ಮಿ.ಲೀ. ಹಾಕಿ ಮತ್ತೆ ಬಿಸಿ ಮಾಡಿ, 5 ಮಿ.ಲೀ.ಗೆ ತಂದು 248.3 ನ್ಯಾನೊಮೀಟರ್‌ನಲ್ಲಿ ಓದಿ. ಇಲ್ಲಿ ರಕ್ತದ ಹೀಮ್ ಕೂಡ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ರಕ್ತ ಒರೆಸುವುದು ಇನ್ನೂ ಮುಖ್ಯ.

ಬಳ್ಳಾರಿ ಭಾಗದಲ್ಲಿ ಅದಿರು ಪರೀಕ್ಷಿಸುವ ಲ್ಯಾಬ್‌ಗಳಲ್ಲಿ ಇಂಥ ಯಂತ್ರ ಸಿಗಬಹುದು, ಪರಿಚಯದವರೂ ಇರುತ್ತಾರೆ. ಅಲ್ಲಿಗೆ ಒಯ್ಯಬೇಡಿ. ಅಲ್ಲಿ ನೂರಕ್ಕೆ 60 ಪಾಲು ಕಬ್ಬಿಣವಿರುವ ಪುಡಿ ದಿನವೂ ಅರೆಯುತ್ತಾರೆ. ನೀವು ಹುಡುಕುವುದು ಮಿ.ಲೀ.ಗೆ ಒಂದೆರಡು ಮೈಕ್ರೊಗ್ರಾಂ. ಯಂತ್ರದ ನಳಿಕೆಯಲ್ಲೇ ಹಿಂದಿನ ಮಾದರಿಯ ಶೇಷ ಇರುತ್ತದೆ. ಅದಕ್ಕಿಂತ ಮಣ್ಣು–ನೀರು ಪರೀಕ್ಷಿಸುವ ಲ್ಯಾಬ್ ಎಷ್ಟೋ ವಾಸಿ.

ಗುಣಮಟ್ಟದ ಕಾವಲು

ಅಮೆರಿಕದ ಅಳತೆ–ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ ಮಾರುವ ದನದ ಲಿವರ್ ಪುಡಿ, 1577ಸಿ, ಒಳ್ಳೆಯ ಪ್ರಮಾಣ ವಸ್ತು. ಆದರೆ ಬೆಲೆ ಜಾಸ್ತಿ, ಅದರಲ್ಲಿರುವ ಕಬ್ಬಿಣವೂ ಗ್ರಾಂಗೆ ಸುಮಾರು 0.198 ಮಿಲಿಗ್ರಾಂ ಮಾತ್ರ. ರೋಗಿಗಳ ಮಟ್ಟಕ್ಕೆ ಬಹಳ ಕೆಳಗೆ. ಅಲ್ಲದೆ ಅದು ಒಟ್ಟು ಕಬ್ಬಿಣದ ಸಂಖ್ಯೆ. ಹೀಮ್‌ರಹಿತ ವಿಧಾನದಲ್ಲಿ ಅಷ್ಟೇ ಬರಬೇಕೆಂದು ಕಾಯಬಾರದು. ಎಎಎಸ್ ಓದಿಗೆ ಅದು ನೇರ ಹೋಲಿಕೆ.

ದಿನಬಳಕೆಗೆ ಮಾಂಸದಂಗಡಿಯಿಂದ ಮೇಕೆ ಲಿವರ್ ತಂದು, ಹೊರಪದರ ಪ್ಲಾಸ್ಟಿಕ್ ಚಾಕುವಿನಿಂದ ತೆಗೆದು, ಒಣಗಿಸಿ, ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ಪುಡಿ ಮಾಡಿ ಇಟ್ಟುಕೊಳ್ಳಿ. ಹತ್ತು ಬೇರೆ ಬೇರೆ ದಿನ ಅಳೆದು ಸರಾಸರಿ ಕಟ್ಟಿಕೊಂಡರೆ ಪ್ರತಿ ಬ್ಯಾಚಿಗೂ ಅದೇ ಕಾವಲುಗಾರ. ಜತೆಗೆ ಅದೇ ಪುಡಿಗೆ ಗೊತ್ತಿರುವ 10 ಮೈಕ್ರೊಗ್ರಾಂ ಕಬ್ಬಿಣ ಸೇರಿಸಿ ಅಳೆಯಿರಿ; 9ರಿಂದ 11 ವಾಪಸ್ ಬಂದರೆ ಸರಿ.

ಸ್ಲೈಡ್ ಮೇಲಿನ ನೀಲಿ

1867ರಿಂದ ಬಳಕೆಯಲ್ಲಿರುವ, ಸ್ಲೈಡಿನಲ್ಲಿ ಕಬ್ಬಿಣವನ್ನು ನೀಲಿಯಾಗಿಸುವ ಪರ್ಲ್ಸ್ ಬಣ್ಣ ಸಂಖ್ಯೆ ಕೊಡುವುದಿಲ್ಲ, ಜಾಗ ತೋರಿಸುತ್ತದೆ. 2% ಪೊಟ್ಯಾಶಿಯಂ ಫೆರೊಸಯನೈಡ್ ಮತ್ತು 2% ಹೈಡ್ರೊಕ್ಲೋರಿಕ್ ಆಮ್ಲವನ್ನು ಬಳಸುವ ಹೊತ್ತಿಗೆ ಸಮಪ್ರಮಾಣದಲ್ಲಿ ಬೆರೆಸಿ 20–30 ನಿಮಿಷ. ರಕ್ತ ಪಡೆದವರಲ್ಲಿ ನೀಲಿ ಮೊದಲು ಕುಫರ್ ಕೋಶಗಳಲ್ಲಿ (ಲಿವರ್‌ನ ಕಸ ನುಂಗುವ ಕೋಶಗಳು), ಆನುವಂಶಿಕ ಕಾಯಿಲೆಯಲ್ಲಿ ರಕ್ತನಾಳಗಳು ಒಳಬರುವ ಪೋರ್ಟಲ್ ಜಾಗದ ಸುತ್ತಲಿನ ಹೆಪಟೊಸೈಟ್‌ಗಳಲ್ಲಿ (ಲಿವರ್‌ನ ಮುಖ್ಯ ಕೋಶಗಳು) ಕಾಣುತ್ತದೆ. ಕೋಶಗಳ ಹೊರಗೆ, ಬೇರೆ ಫೋಕಸ್‌ನಲ್ಲಿ ತೇಲುವ ನೀಲಿ ಚುಕ್ಕೆಗಳು ನಲ್ಲಿ ನೀರಿನ ತುಕ್ಕು ಅಥವಾ ಧೂಳು, ರೋಗಿಯದ್ದಲ್ಲ. ಸ್ಲೈಡ್ ಗ್ರೇಡ್ 0 ಇದ್ದು ರಾಸಾಯನಿಕ ಅಳತೆ 6 ಬಂದರೆ ಅಳತೆಯನ್ನೇ ಮೊದಲು ಅನುಮಾನಿಸಿ.

ಹಳೆಯ ಮೇಣದ ಬ್ಲಾಕ್

ತಾಜಾ ತುಣುಕು ಇಲ್ಲದಿದ್ದರೆ, ಪೆಥಾಲಜಿಯವರು ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್‌ನಿಂದಲೂ ಅಳೆಯಬಹುದು. ಮೇಣ ಕೆತ್ತಿ, ಉಳಿದದ್ದನ್ನು 65 ಡಿಗ್ರಿಯಲ್ಲಿ ಕರಗಿಸಿ, ಜೈಲೀನ್‌ನಲ್ಲಿ ಮೂರು ಸಲ, ಶುದ್ಧ ಎಥನಾಲ್‌ನಲ್ಲಿ ಎರಡು ಸಲ ತೊಳೆದು ಒಣಗಿಸಿ. ಮೇಣ ಉಳಿದರೆ ತೂಕ ಹೆಚ್ಚಿ ಫಲಿತಾಂಶ ಇಳಿಯುತ್ತದೆ. ಜೈಲೀನ್ ಕೊಬ್ಬನ್ನೂ ಒಯ್ಯುವುದರಿಂದ, ಅದೇ ಲಿವರ್‌ನ ತಾಜಾ ತುಣುಕಿಗಿಂತ ಸಂಖ್ಯೆ ಮೇಲಿರುತ್ತದೆ. ಕೊಬ್ಬಿನ ಲಿವರ್‌ನಲ್ಲಿ ಈ ಅಂತರ ದೊಡ್ಡದು. ಒಬ್ಬನೇ ರೋಗಿಯ ಒಂದು ವರ್ಷ ಬ್ಲಾಕ್, ಇನ್ನೊಂದು ವರ್ಷ ತಾಜಾ ತುಣುಕು ಅಳೆದು ಔಷಧ ಕೆಲಸ ಮಾಡಿತೆಂದು ಹೇಳಲಾಗದು.

ವರದಿ ಬರೆಯುವಾಗ

"ಕಬ್ಬಿಣ 8.75" ಎಂದಷ್ಟೇ ಬರೆದು ಕಳಿಸಬೇಡಿ. ಒಣತೂಕವೋ ಹಸಿತೂಕವೋ ಮೊದಲು ನಮೂದಿಸಿ: ಲಿವರ್‌ನಲ್ಲಿ ನೀರೇ 70%ಗಿಂತ ಹೆಚ್ಚು, ಹಸಿತೂಕದ 3 ಎಂದರೆ ಒಣತೂಕದ 10ರ ಆಸುಪಾಸು. ಓದುವ ವೈದ್ಯರು ಇನ್ನೊಂದು ಊರಿನಲ್ಲಿರುತ್ತಾರೆ, ಊಹಿಸಿ ಡೋಸ್ ಬದಲಿಸುತ್ತಾರೆ. ಮಾನ, ವಿಧಾನ, ಹೀಮ್‌ರಹಿತವೋ ಒಟ್ಟು ಕಬ್ಬಿಣವೋ, ತುಣುಕಿನ ಒಣತೂಕ, ತಾಜಾ ಅಥವಾ ಬ್ಲಾಕ್, ಇಷ್ಟೂ ಇರಲಿ. ಒಣತೂಕ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ದಪ್ಪಕ್ಷರದಲ್ಲಿ ಹಾಕಿ. ಪೆಥಾಲಜಿ ಸಿರೋಸಿಸ್ ಎಂದಿದ್ದರೆ ಇನ್ನೊಂದು ಸಾಲು ಸೇರಿಸಿ: ಗಂಟುಕಟ್ಟಿದ ಲಿವರ್‌ನಲ್ಲಿ ಕಬ್ಬಿಣ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ನಾರಿನ ಭಾಗದಲ್ಲಿ ಬಹಳ ಕಡಿಮೆ. ಅದೇ ಲಿವರ್‌ನ ಎರಡು ತುಣುಕುಗಳ ನಡುವೆ 40% ವ್ಯತ್ಯಾಸ ಬಂದರೂ ಲ್ಯಾಬಿನ ತಪ್ಪಲ್ಲ, ಹಾಗಾಗಿ ಅಂಥವರ ಮರುಪರೀಕ್ಷೆಗೆ ಎಂಆರ್‌ಐ ಸೂಚಿಸುವುದೇ ಸರಿ.